ಗಡಿ ಊರಿಗೆ ನೂರಕ್ಕೆ ಎಷ್ಟು ಮಾರ್ಕ್ಸು?

ಬೆಳಗಾವಿಯಲ್ಲಿ ಬಂಡವಾಳ ಹಾಕಬಹುದಾ ಅಂತ ಅಳೆಯೋಕೆ ಬೆಂಗಳೂರಿನಿಂದ ಒಬ್ಬರು ಬಂದಿದ್ದಾರೆ ಅಂದುಕೊಳ್ಳಿ. ಕೈಯಲ್ಲಿ ಟ್ಯಾಬು, ಟ್ಯಾಬಿನಲ್ಲಿ ನೂರು ಅಂಕದ ಫಾರ್ಮು. ರಸ್ತೆ? ಪುಣೆ–ಬೆಂಗಳೂರು ಹೆದ್ದಾರಿ ಊರ ಪಕ್ಕದಲ್ಲೇ ಇದೆ. ವಿಮಾನ? ಸಾಂಬ್ರಾದಲ್ಲಿ ಇಳಿಯುತ್ತದೆ. ಕೆಲಸ ಬಲ್ಲವರು? ಉದ್ಯಮಬಾಗಿನ ಫೌಂಡ್ರಿಗಳಲ್ಲಿ ಕಬ್ಬಿಣ ಕರಗಿಸಿ ಹುಯ್ಯುವವರಿದ್ದಾರೆ, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳನ್ನೇ ಮಾಡುತ್ತಾರೆ. ಫಾರ್ಮು ಚಕಚಕ ತುಂಬಿತು.

‘ಇಲ್ಲಿ ದೊಡ್ಡ ರಿಸ್ಕ್ ಯಾವುದು?’ ಅಂತ ಕೇಳಿದರು. ಚಹಾ ಕುಡಿಯುತ್ತಿದ್ದ ಲಾರಿ ಡ್ರೈವರ್ ತಲೆ ಎತ್ತದೆ ಹೇಳಿದ: ‘ನಂಬರ್ ಪ್ಲೇಟ್ ರೀ ಸಾಹೇಬ್ರ.’

ಆ ಕಾಲಂ ಫಾರ್ಮಿನಲ್ಲಿಲ್ಲ.

2022ರ ಡಿಸೆಂಬರ್ ನೆನಪಿದೆ ಅಲ್ವಾ? ಹಿರೇಬಾಗೇವಾಡಿ ಟೋಲ್ ಹತ್ತಿರ ಎಂಎಚ್ ಲಾರಿಗಳಿಗೆ ಕಲ್ಲು, ಆ ಕಡೆ ಮಹಾರಾಷ್ಟ್ರದಲ್ಲಿ ಕೆಎ ಬಸ್ಸುಗಳಿಗೆ ಮಸಿ. 2025ರ ಫೆಬ್ರವರಿಯಲ್ಲಿ ಭಾಷೆಯ ಜಗಳದಲ್ಲಿ ಒಬ್ಬ ಕಂಡಕ್ಟರ್‌ಗೆ ಏಟು ಬಿತ್ತು, ಬಸ್ಸುಗಳು ಗಡಿ ದಾಟೋದು ನಿಂತಿತು. ಅಂಥ ದಿನಗಳಲ್ಲಿ ಇಲ್ಲಿ ಚೆನ್ನಾಗಿ ನಡೆಯೋ ವ್ಯಾಪಾರ ಎರಡೇ. ಒಂದು ಕಪ್ಪು ಬಣ್ಣ, ಇನ್ನೊಂದು ಅದನ್ನು ಉಜ್ಜಿ ತೆಗೆಯೋ ಥಿನ್ನರ್. ಎರಡನ್ನೂ ಒಂದೇ ಅಂಗಡಿಯಲ್ಲಿ ಇಟ್ಟವನಿಗೆ ನಷ್ಟದ ಮಾತೇ ಇಲ್ಲ.

ಮುಂದಿನ ಪ್ರಶ್ನೆ: ಜಮೀನಿನ ಮೇಲೆ ಕೇಸು, ತಕರಾರು ಏನಾದರೂ? ಇಲ್ಲಪ್ಪ, ಪ್ಲಾಟಿನ ಉತಾರ ಕ್ಲೀನಾಗಿದೆ. ಪ್ಲಾಟು ಯಾವ ರಾಜ್ಯದಲ್ಲಿ ಇರಬೇಕು ಅನ್ನೋದರ ಮೇಲೆ ಮಾತ್ರ ಕೇಸಿದೆ. ಈ ಗಡಿ ತಕರಾರು ಬಗೆಹರಿಸೋಕೆ ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟಾಗಿತ್ತು. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅವತ್ತು ಹುಟ್ಟಿದ ಮಕ್ಕಳು ಡಿಗ್ರಿ ಮುಗಿಸಿ ಕೆಲಸ ಹುಡುಕಿಕೊಂಡು ಪುಣೆಗೋ ಬೆಂಗಳೂರಿಗೋ ಹೋಗಿದ್ದಾರೆ. ಯಾವ ಊರಿಗೆ ಹೋದರೂ ತಕರಾರಿಲ್ಲ ನೋಡಿ, ನೆಲಕ್ಕೆ ಮಾತ್ರ.

ಹಾಗಂತ ಈ ನೆಲಕ್ಕೆ ಆಕರ್ಷಣೆ ಕಡಿಮೆ ಅನ್ನೋ ಹಾಗಿಲ್ಲ. ಅದೇ 2022ರ ಡಿಸೆಂಬರ್‌ನಲ್ಲಿ ನಮ್ಮ ಸದನ ಒಂದಿಂಚೂ ಕೊಡಲ್ಲ ಅಂತ ನಿರ್ಣಯ ಮಾಡಿತು. ಐದೇ ದಿನಕ್ಕೆ ನಾಗಪುರದಲ್ಲಿ ಅವರ ಸದನ 865 ಊರು ನಮ್ಮವು ಅಂತ ನಿರ್ಣಯ ಮಾಡಿತು. ಎರಡೆರಡು ಸರ್ಕಾರ ಇಷ್ಟು ಜೀವ ಬಿಡೋ ಜಾಗ ದೇಶದಲ್ಲಿ ಇನ್ನೆಷ್ಟಿವೆ? ಜೀವವೇನೋ ಬಿಡುತ್ತಾರೆ, ದುಡ್ಡು ಬಿಡಿ ಅಂದರೆ ಮಾತ್ರ ಬಜೆಟ್ ನೋಡಿ ಹೇಳ್ತೀವಿ ಅಂತಾರೆ.

ಸರ್ಕಾರವೇ ಹಾಕಿದ ದೊಡ್ಡ ಬಂಡವಾಳ ತೋರಿಸಿ ಅಂದರು. ಸುವರ್ಣ ವಿಧಾನಸೌಧ ತೋರಿಸಿದೆವು. 2012ರಲ್ಲಿ ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದ್ದು. ಚಳಿಗಾಲಕ್ಕೆ ಹತ್ತು ದಿನ ಅಧಿವೇಶನ, ಆ ಹತ್ತು ದಿನ ಲಾಡ್ಜಿನಲ್ಲಿ ರೂಮು ಸಿಗಲ್ಲ. ಮಿಕ್ಕ ದಿನ ಅಷ್ಟು ದೊಡ್ಡ ಅಂಗಳ ಸುಮ್ನೆ ಬಿಸಿಲು ಕಾಯುತ್ತದೆ.

‘ಅಲ್ಲಿ ಸ್ಥಳೀಯರು ಯಾರಾದರೂ ಉದ್ದಿಮೆ ಶುರು ಮಾಡಿದ್ದಾರಾ?’

ಮಾಡಿದ್ದರು. 2022ರಲ್ಲಿ ಅಲ್ಲೇ ಕೆಲಸಕ್ಕಿದ್ದ ಹೆಂಗಸೊಬ್ಬರು ಸೌಧದ ಮುಂದೆ ಶಾವಿಗೆ ಒಣಹಾಕಿದ್ದರು. ಜಾಗ ಖಾಲಿ, ಬಿಸಿಲು ಪುಕ್ಕಟೆ, ಸಬ್ಸಿಡಿ ಕೇಳಲಿಲ್ಲ. ಫೋಟೋ ವೈರಲ್ ಆಯಿತು. ತಿಂಗಳುಗಟ್ಟಲೆ ಕದಲದ ಫೈಲು ಅವತ್ತು ಓಡಿತು ನೋಡಿ, ಆಕೆಯ ಕೆಲಸಕ್ಕೇ ಕುತ್ತು ಬಂತು.

ಸಾಹೇಬರು ಗಂಭೀರವಾಗಿ ತಲೆಯಾಡಿಸಿ ಟ್ಯಾಬಿನಲ್ಲಿ ಟೈಪ್ ಮಾಡಿಕೊಂಡರು: ‘ಆಹಾರ ಸಂಸ್ಕರಣೆಗೆ ವಿಪುಲ ಅವಕಾಶ.’