ಸತ್ಯಾಂಶ: ವಿಶ್ವ ಬ್ಯಾಂಕ್ ಬಂದರುಗಳನ್ನು ಅಡವಿಟ್ಟುಕೊಳ್ಳುತ್ತದೆಯೇ?

‘ವ್ಯಾಪಾರ ಬೆಳೆಸುವ ನೆಪದಲ್ಲಿ ವಿಶ್ವ ಬ್ಯಾಂಕ್ ಬಡ ದೇಶಗಳ ಬಂದರುಗಳನ್ನು ಅಡವಿಟ್ಟುಕೊಳ್ಳುತ್ತದೆ, ಶ್ರೀಲಂಕಾದ ಹಂಬಂತೋಟ ಕೈತಪ್ಪಿದ್ದೂ ಹೀಗೆಯೇ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಸರಿಯಲ್ಲ.

ಹಂಬಂತೋಟ ಬಂದರಿಗೆ ಸಾಲ ಕೊಟ್ಟದ್ದು ಚೀನಾ ಸರ್ಕಾರದ ಎಕ್ಸಿಮ್ (ರಫ್ತು-ಆಮದು) ಬ್ಯಾಂಕ್. 2017ರಲ್ಲಿ ಅದನ್ನು 99 ವರ್ಷಗಳ ಗುತ್ತಿಗೆಗೆ ಪಡೆದದ್ದು ಚೀನಾದ ಬಂದರು ಕಂಪನಿ. ಗುತ್ತಿಗೆಯ ಹಣ ಶ್ರೀಲಂಕಾದ ವಿದೇಶಿ ವಿನಿಮಯ ಸಂಗ್ರಹಕ್ಕೆ ಸೇರಿತೇ ಹೊರತು ಆ ಸಾಲ ರದ್ದಾಗಲಿಲ್ಲ.

ವಿಶ್ವ ಬ್ಯಾಂಕ್ ಸಾಮಾನ್ಯವಾಗಿ ಸರ್ಕಾರಗಳಿಂದ ಆಸ್ತಿಯ ಅಡಮಾನ ಕೇಳುವುದಿಲ್ಲ; ವಿದೇಶಿ ಸಾಲ ಕೊಟ್ಟ ಬೇರೆಯವರಿಗೆ ಸಾರ್ವಜನಿಕ ಆಸ್ತಿಯ ಮೇಲೆ ತನಗಿಂತ ಮೊದಲ ಹಕ್ಕು ಸಿಗಬಾರದೆಂಬ ಷರತ್ತನ್ನಷ್ಟೇ ಒಪ್ಪಂದದಲ್ಲಿ ಸೇರಿಸುತ್ತದೆ. ಸಾಲದ ಹೊರೆಯನ್ನು ಪ್ರಶ್ನಿಸುವುದು ನ್ಯಾಯವೇ, ಆದರೆ ಪ್ರಶ್ನೆ ಸರಿಯಾದ ವಿಳಾಸಕ್ಕೆ ಹೋಗಬೇಕು.

ದೇಶಗಳ ವ್ಯಾಪಾರ ಸಾಮರ್ಥ್ಯ ಬೆಳೆಸಲು ವಿಶ್ವ ಬ್ಯಾಂಕ್ ಕೊಡುವ ನೆರವಿನಲ್ಲಿ ಬಂದರು, ರಸ್ತೆಗಳ ಸಾಲವೂ ಇದೆ, ಕಣ್ಣಿಗೆ ಕಾಣದ ಕೆಲಸಗಳೂ ಇವೆ. ದಾನಿ ದೇಶಗಳ ಹಣದಿಂದ 2014ರಲ್ಲಿ ವಿಶ್ವ ಬ್ಯಾಂಕ್ ಸಮೂಹ ಆರಂಭಿಸಿದ ಕಾರ್ಯಕ್ರಮವೊಂದು, 2017ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮ ಒಪ್ಪಂದವನ್ನು ಪಾಲಿಸಲು ಅಭಿವೃದ್ಧಿಶೀಲ ದೇಶಗಳಿಗೆ ತಾಂತ್ರಿಕ ನೆರವು ನೀಡುತ್ತದೆ: ಸುಂಕದ ಕಟ್ಟೆಯ ಕಾಗದಪತ್ರಗಳನ್ನು ಸರಳಗೊಳಿಸುವುದು, ಎಲ್ಲ ಸರಕನ್ನೂ ಬಿಚ್ಚಿ ನೋಡುವ ಬದಲು ಅಪಾಯವಿರುವುದನ್ನು ಮಾತ್ರ ತಪಾಸಣೆ ಮಾಡಲು ಸಿಬ್ಬಂದಿಗೆ ಕಲಿಸುವುದು ಇತ್ಯಾದಿ. ಇಂಥ ಕೆಲಸದಲ್ಲಿ ಅಡವಿಡಲು ಬಂದರೇ ಇರುವುದಿಲ್ಲ.