ಹಲ್ಲು ಬೀಳೋದಕ್ಕೆ ವಯಸ್ಸನ್ನು ದೂರಬೇಡಿ

ನಮ್ಮ ದಾವಣಗೆರೆ ಕಡೆ ಅರವತ್ತು ದಾಟಿದವರ ಹಲ್ಲು ಅಲುಗಾಡಿದರೆ ಯಾರೂ ಗಾಬರಿಯಾಗುವುದಿಲ್ಲ. "ವಯಸ್ಸಾಯ್ತಲ್ಲಪ್ಪ" ಅಂತಾರೆ, ಅಷ್ಟೇ. ನಾನೀಗ ಇರುವ ಜಪಾನಿನಲ್ಲೂ ಒಂದು ಕಾಲಕ್ಕೆ ಪರಿಸ್ಥಿತಿ ಹೀಗೇ ಇತ್ತು. 1989ರಲ್ಲಿ ಇಲ್ಲಿನ ಸರ್ಕಾರ ಮತ್ತು ದಂತವೈದ್ಯರ ಸಂಘ ಸೇರಿ '8020' ಎಂಬ ಅಭಿಯಾನ ಶುರು ಮಾಡಿದವು. 80ನೇ ವಯಸ್ಸಿನಲ್ಲೂ 20 ಸ್ವಂತ ಹಲ್ಲು ಉಳಿದಿರಬೇಕು, ಇದೇ ಗುರಿ. ಆಗ ಆ ವಯಸ್ಸಿನ ಹತ್ತು ಜನರಲ್ಲಿ ಒಬ್ಬರಿಗೂ ಅಷ್ಟು ಹಲ್ಲಿರಲಿಲ್ಲ. 2016ರ ಸರ್ಕಾರಿ ಸಮೀಕ್ಷೆ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಿಗೆ ಇತ್ತು. ಮೂವತ್ತು ವರ್ಷದೊಳಗೆ ಇಷ್ಟು ಬದಲಾಗುತ್ತೆ ಅಂದರೆ, ತಪ್ಪು ವಯಸ್ಸಿನದ್ದು ಹೇಗಾಗುತ್ತೆ?

ದೊಡ್ಡವರ ಹಲ್ಲು ಸಡಿಲವಾಗುವುದು ಹೆಚ್ಚಾಗಿ ಒಸಡಿನ ಕಾಯಿಲೆಯಿಂದ. ಹಲ್ಲಿನ ಬುಡದಲ್ಲಿ ಬ್ಯಾಕ್ಟೀರಿಯಾದ ಮೆತ್ತನೆ ಪದರ ಕೂರುತ್ತದೆ. ತೆಗೆಯದೆ ಬಿಟ್ಟರೆ ಕೆಲವೇ ದಿನದಲ್ಲಿ ಕಿಟ್ಟದಂತೆ ಗಟ್ಟಿಯಾಗುತ್ತದೆ, ಆಮೇಲೆ ಬ್ರಷ್‌ಗೆ ಬಗ್ಗುವುದಿಲ್ಲ. ಒಸಡು ಊದಿಕೊಂಡು ಉಜ್ಜುವಾಗ ರಕ್ತ ಬರುತ್ತೆ. ಈ ಹಂತದಲ್ಲೇ ಸ್ವಚ್ಛ ಮಾಡಿಸಿದರೆ ಒಸಡು ಮೊದಲಿನಂತೆ ಆಗುತ್ತದೆ. ಬಿಟ್ಟರೆ ಒಸಡು ಹಲ್ಲಿನಿಂದ ಬಿಟ್ಟುಕೊಂಡು ಸಂದಿಯಾಗುತ್ತೆ, ಒಳಗೆ ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತೆ. ಕರಗಿದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ. ಇಷ್ಟೆಲ್ಲ ನಡೆಯುವಾಗ ಬಹಳ ಜನರಿಗೆ ನೋವೇ ಇರುವುದಿಲ್ಲ. ನಾವೋ, ನೋವು ಬಂದರೆ ಮಾತ್ರ ಡಾಕ್ಟರ ಹತ್ತಿರ ಹೋಗುವವರು. ರಕ್ತ ಬಂದ ಜಾಗದಲ್ಲಿ ಉಜ್ಜುವುದನ್ನೇ ಬಿಟ್ಟುಬಿಡುತ್ತೇವೆ. ನಿಜಕ್ಕೂ ಅಲ್ಲೇ ಮೆತ್ತನೆ ಬ್ರಷ್ ಹಿಡಿದು ಜಾಸ್ತಿ ಜಾಗ್ರತೆಯಿಂದ ಉಜ್ಜಬೇಕು.

ಇಲ್ಲಿ ನನಗೆ ತುಂಬ ಹಿಡಿಸಿದ್ದು ಅಳತೆ. ಗುರುತು ಹಾಕಿದ ಸಣ್ಣ ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಸಂದಿಯ ಆಳ ನೋಡಿ ಬರೆದಿಡುತ್ತಾರೆ. 3 ಮಿಲಿಮೀಟರ್ ತನಕ ಸರಿ. 4 ಬಂದರೆ ಎಚ್ಚರ. 6 ಅಂದರೆ ಕಾಯಿಲೆ ಮುಂದುವರಿದಿದೆ. 40, 50, 60, 70ನೇ ವಯಸ್ಸಿನವರಿಗೆ ಊರಾಡಳಿತವೇ ಒಸಡಿನ ತಪಾಸಣೆ ನಡೆಸುತ್ತೆ, ಈಚೆಗೆ 20 ಮತ್ತು 30ನ್ನೂ ಸೇರಿಸಿದ್ದಾರೆ. ಶಾಲೆಯಲ್ಲೂ ಮಕ್ಕಳ ಹಲ್ಲಿನ ಜೊತೆ ಒಸಡನ್ನೂ ನೋಡುತ್ತಾರೆ.

ಹಾಗಂತ ನಮ್ಮೂರಲ್ಲಿ ಏನು ಕಮ್ಮಿ ಇದೆ? ಬಾಪೂಜಿ ಡೆಂಟಲ್ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್, ಹೀಗೆ ಒಂದೇ ಊರಲ್ಲಿ ಎರಡು ದಂತ ಕಾಲೇಜುಗಳಿವೆ. ಎರಡರಲ್ಲೂ ಒಸಡಿಗೆಂದೇ ಬೇರೆ ವಿಭಾಗ ಇದೆ. ಊಟವಾದ ಮೇಲೆ ಬಾಯಿ ಮುಕ್ಕಳಿಸುವ ಒಳ್ಳೆ ರೂಢಿ ನಮ್ಮಲ್ಲಿ ಮೊದಲಿನಿಂದ ಇದೆ. ಜಪಾನಿನಲ್ಲಿ ಕಿಟ್ಟ ತೆಗೆಸೋಕೆ ಹಲವು ಸಲ ಓಡಾಡಬೇಕು, ನಮ್ಮಲ್ಲಿ ಎಷ್ಟೋ ಸಲ ಒಂದೇ ಕೂತಲ್ಲಿ ಮುಗಿಯುತ್ತೆ. ಡಾಕ್ಟರೂ ಇದ್ದಾರೆ, ವಿದ್ಯೆಯೂ ಇದೆ. ನೋವಿಲ್ಲದಾಗ ಹೋಗಿ ತೋರಿಸುವ ಅಭ್ಯಾಸ ಮಾತ್ರ ಇಲ್ಲ.

ಅದಕ್ಕೆ ಒಂದು ಭಯವೂ ಕಾರಣ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ ಅಂತ ನಮ್ಮ ದೊಡ್ಡಮ್ಮ ಈಗಲೂ ನಂಬಿದ್ದಾರೆ. ಹಾಗಲ್ಲ. ಮೂಳೆ ಮೊದಲೇ ಕರಗಿರುತ್ತೆ, ಕಿಟ್ಟ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತೆ. ಅದನ್ನು ತೆಗೆದಾಗ ಅಲುಗಾಟ ಗೊತ್ತಾಗುತ್ತೆ. ಒಸಡು ಬಿಗಿಯಾದಂತೆ ಎಷ್ಟೋ ಹಲ್ಲು ಮತ್ತೆ ಗಟ್ಟಿಯಾಗುತ್ತವೆ. ಸಂದಿ ಆಳವಿದ್ದರೆ ಬೇರಿನ ತನಕ ಸ್ವಚ್ಛ ಮಾಡುತ್ತಾರೆ, ಅದಕ್ಕೂ ಬಗ್ಗದಿದ್ದರೆ ಒಸಡು ಬಿಡಿಸಿ ಸಣ್ಣ ಆಪರೇಷನ್ ಮಾಡುತ್ತಾರೆ.

ಇನ್ನು ತಂಬಾಕು. ಕಡ್ಡಿಪುಡಿ ಇಟ್ಟುಕೊಳ್ಳುವ ಜಾಗದಲ್ಲಿ ಒಸಡು ಸರಿಯುತ್ತೆ. ಬೀಡಿ ಸೇದುವವರಿಗೆ ರಕ್ತ ಕಡಿಮೆ ಬರುವುದರಿಂದ ಕಾಯಿಲೆ ಕಾಣಿಸಿಕೊಳ್ಳುವುದೇ ತಡ.

ನನಗೆ ಜಾಸ್ತಿ ಚಿಂತೆ ಶುಗರ್ ಇರುವವರದ್ದು. ಶುಗರ್ ಹಿಡಿತದಲ್ಲಿಲ್ಲದಿದ್ದರೆ ಒಸಡು ಬೇಗ ಕೆಡುತ್ತೆ. ಒಸಡು ಕೆಟ್ಟಿದ್ದರೆ ಶುಗರ್ ಇಳಿಸುವುದೂ ಕಷ್ಟ. ಪ್ರತಿ ಸಲ ರಕ್ತ ಕೊಟ್ಟು ಬರುವ ನಮ್ಮ ಹಿರಿಯರ ಬಾಯಿಯನ್ನು ಯಾರೂ ತೆರೆಸಿ ನೋಡುವುದಿಲ್ಲ. ಅಪ್ಪ-ಅವ್ವನನ್ನು ಶುಗರ್ ಟೆಸ್ಟಿಗೆ ಕರೆದುಕೊಂಡು ಹೋಗುವವರು ದಯವಿಟ್ಟು ಒಸಡಿನ ವಿಭಾಗಕ್ಕೂ ಒಮ್ಮೆ ಹೋಗಿ. ಕ್ಲೀನಿಂಗ್‌ಗೆ ಮೊದಲು, "ಒಸಡಿನ ಆಳ ಅಳೆದು ಬರೆದುಕೊಡಿ ಡಾಕ್ಟ್ರೇ" ಅಂತ ಕೇಳಿ. ಆ ಚೀಟಿಯನ್ನು ಶುಗರ್ ರಿಪೋರ್ಟ್ ಜೊತೆಗೇ ಇಡಿ, ಮುಂದಿನ ಸಲ ಹೋಲಿಸಿ ನೋಡೋಕೆ ಬೇಕಾಗುತ್ತೆ.