ಕೇಬಲ್ ಚುಚ್ಚಿದ್ರೆ ಮುಗೀತಾ?

ಇವತ್ತು ಪರಿಚಯದವರ ಮನೆ ಹಾಲ್‌ನಲ್ಲಿ ಕಂಡದ್ದು: 55 ಇಂಚಿನ 4ಕೆ ಟಿವಿ, ಹಿಂದೆ ಒಳ್ಳೇ ಮಿನಿ ಪಿಸಿ, ಎರಡಕ್ಕೂ ನಡುವೆ ಒಂದು ಎಚ್‌ಡಿಎಂಐ ಕೇಬಲ್. ಪರದೆಯ ಕೆಳಗೆ ಟಾಸ್ಕ್‌ಬಾರ್ ಅರ್ಧ ಮಾಯ, ಗಡಿಯಾರ ಪೂರ್ತಿ ಮಾಯ. ಕಪ್ಪು ಇರಬೇಕಾದಲ್ಲಿ ಬೂದಿ ಬಣ್ಣ. ಮೌಸ್ ಎಳೆದರೆ ಕೆಸರಲ್ಲಿ ಎಮ್ಮೆ ನಡೆದ ಹಾಗೆ. ಮೇಲಿಂದ ತೀರ್ಪು: "ಕಂಪ್ಯೂಟರ್ ಎಲ್ಲ ಟಿವಿಗೆ ಸರಿ ಬರಲ್ಲ ಸಾರ್, ಸುಮ್ನೆ ದುಡ್ಡು ದಂಡ."

ಸ್ವಾಮಿ, ಕಂಪ್ಯೂಟರ್ ಏನು ಪಾಪ ಮಾಡಿತ್ತು? ಕೇಬಲ್ ಚುಚ್ಚಿದ ಮೇಲೆ ಸೆಟ್ಟಿಂಗ್ಸ್ ಅನ್ನೋ ಜಾಗಕ್ಕೆ ಒಬ್ಬರಾದರೂ ಹೋಗಿದ್ದೀರಾ?

ಅಂಚು ಕತ್ತರಿಸೋದು ಓವರ್‌ಸ್ಕ್ಯಾನ್. ಟ್ಯೂಬ್ ಟಿವಿ ಕಾಲದಲ್ಲಿ ಚಿತ್ರದ ಅಂಚಿನ ಕೊಳಕು ಕಾಣದಿರಲಿ ಅಂತ ಒಂಚೂರು ಹಿಗ್ಗಿಸಿ ತೋರಿಸ್ತಿದ್ದರು. ಆ ಚಾಳಿ ಇನ್ನೂ ಬಿಟ್ಟಿಲ್ಲ. ಅದನ್ನ ನಿಲ್ಲಿಸೋ ಸೆಟ್ಟಿಂಗ್ ಟಿವಿಯಲ್ಲೇ ಇದೆ: ಎಲ್‌ಜಿಯಲ್ಲಿ 'ಜಸ್ಟ್ ಸ್ಕ್ಯಾನ್', ಸ್ಯಾಮ್‌ಸಂಗ್‌ನಲ್ಲಿ 'ಫಿಟ್ ಟು ಸ್ಕ್ರೀನ್', ಸೋನಿಯಲ್ಲಿ 'ಫುಲ್ ಪಿಕ್ಸೆಲ್'. ಟಿವಿಯಲ್ಲೇ ಸರಿ ಮಾಡಿ. ಪಿಸಿಯ ಗ್ರಾಫಿಕ್ಸ್ ಡ್ರೈವರ್ ಸೆಟ್ಟಿಂಗ್ಸ್‌ಗೆ ಹೋಗಿ ಚಿತ್ರವನ್ನ ಕುಗ್ಗಿಸೋ ಜಾಣರಿದ್ದಾರೆ. ಕುಗ್ಗಿಸಿದ್ದನ್ನ ಟಿವಿ ಮತ್ತೆ ಹಿಗ್ಗಿಸುತ್ತೆ, ಅಕ್ಷರ ಎಲ್ಲ ಮಸುಕು.

ಬೂದಿ ಬಣ್ಣದ ಕಪ್ಪಿಗೆ ಕಾರಣ ಬೇರೆ. ಪಿಸಿ ಕಪ್ಪನ್ನ 16, ಬಿಳಿಯನ್ನ 235 ಅಂತ ಲೆಕ್ಕ ಹಾಕಿ ಬಣ್ಣ ಕಳಿಸ್ತಿದೆ, ಟಿವಿ ಕಪ್ಪು 0, ಬಿಳಿ 255 ಅಂದುಕೊಂಡು ಕೂತಿದೆ. ಉಲ್ಟಾ ಆದರೆ ರಾತ್ರಿ ದೃಶ್ಯದಲ್ಲಿ ಏನೂ ಕಾಣದ ಕಗ್ಗತ್ತಲು. ಡ್ರೈವರ್‌ನ ರೇಂಜ್ ಮತ್ತು ಟಿವಿಯ ಬ್ಲ್ಯಾಕ್ ಲೆವೆಲ್ ಎರಡನ್ನೂ ಒಂದೇ ಲೆಕ್ಕಕ್ಕೆ ತನ್ನಿ, ಅಷ್ಟೇ. ಜೊತೆಗೆ ಆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನ 'ಪಿಸಿ' ಅಂತ ಬದಲಿಸಿ. ಬರೀ ಹೆಸರಲ್ಲ ಅದು. ಎಲ್‌ಜಿ, ಸ್ಯಾಮ್‌ಸಂಗ್‌ನ ಎಷ್ಟೋ ಮಾಡೆಲ್‌ಗಳಲ್ಲಿ ಬಣ್ಣದ ಅಕ್ಷರಗಳು ಚೂಪಾಗಿ ಕಾಣೋದೇ ಆಮೇಲೆ.

ಇನ್ನು ಮೌಸ್ ತೆವಳೋದು. ಎಚ್‌ಡಿಎಂಐ 1.4 ಇದ್ದರೆ 4ಕೆಯಲ್ಲಿ 30 ಹರ್ಟ್ಸ್‌ಗಿಂತ (ಸೆಕೆಂಡಿಗೆ ಪರದೆ ಎಷ್ಟು ಸಲ ಬದಲಾಗುತ್ತೆ ಅನ್ನೋ ಲೆಕ್ಕ) ಮೇಲೆ ಹೋಗಲ್ಲ, 60 ಬೇಕಾದರೆ 2.0 ಬೇಕು. ಆಫೀಸಿನಿಂದ ಹೊರಬಿದ್ದ ಹಳೇ ಮಿನಿ ಪಿಸಿಗಳಲ್ಲಿ ಎಷ್ಟೋ ಸಲ ಇರೋದು ಡಿಸ್‌ಪ್ಲೇ ಪೋರ್ಟ್ ಮಾತ್ರ. ಅದಕ್ಕೆ ಅಂಗಡಿಯವನು ಕೊಡೋ ಅಗ್ಗದ ಪ್ಯಾಸಿವ್ ಕನ್ವರ್ಟರ್ 30ರಲ್ಲೇ ನಿಲ್ಲುತ್ತೆ. 'ಆಕ್ಟಿವ್, 4ಕೆ 60 ಹರ್ಟ್ಸ್' ಅಂತ ಬರೆದಿರೋದನ್ನೇ ಕೇಳಿ ತಗೊಳ್ಳಿ. ಟಿವಿ ಕಡೆಯೂ ಆ ಪೋರ್ಟ್‌ಗೆ ಎಲ್‌ಜಿಯಲ್ಲಿ 'ಡೀಪ್ ಕಲರ್', ಸ್ಯಾಮ್‌ಸಂಗ್‌ನಲ್ಲಿ 'ಇನ್‌ಪುಟ್ ಸಿಗ್ನಲ್ ಪ್ಲಸ್', ಸೋನಿಯಲ್ಲಿ 'ಎನ್‌ಹಾನ್ಸ್ಡ್ ಫಾರ್ಮ್ಯಾಟ್' ಆನ್ ಮಾಡಿ. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಹತ್ತು ನಿಮಿಷ ಕೊಡದವರು ಕಂಪ್ಯೂಟರ್‌ಗೆ ಹಿಡಿಶಾಪ ಹಾಕ್ತಾರೆ.

"ಇಷ್ಟೆಲ್ಲ ಯಾಕೆ, ನಾಲ್ಕೈದು ಸಾವಿರದ ಸ್ಟ್ರೀಮಿಂಗ್ ಸ್ಟಿಕ್ ಹಾಕಿದರಾಯ್ತಲ್ಲ?" ಬಂತು ನೋಡಿ. ಓಟಿಟಿ ಮಾತ್ರ ನೋಡೋರಾದರೆ ದಯವಿಟ್ಟು ಸ್ಟಿಕ್ಕೇ ತಗೊಳ್ಳಿ, ನನ್ನ ತಕರಾರಿಲ್ಲ. ಲಿನಕ್ಸ್ ಹಾಕಿದ ಪಿಸಿಯ ಬ್ರೌಸರ್‌ನಲ್ಲಿ, ಕಳ್ಳ ಕಾಪಿ ತಡೆಯೋಕೆ ಓಟಿಟಿಗಳು ಬಳಸೋ ವೈಡ್‌ವೈನ್ ಬೀಗದ ಕೆಳಗಿನ ಮಟ್ಟ ಎಲ್3 ಮಾತ್ರ ಸಿಗುತ್ತೆ, ಹಾಗಾಗಿ 4ಕೆ ಪ್ಲಾನ್‌ಗೆ ದುಡ್ಡು ಕಟ್ಟಿದ್ದರೂ 4ಕೆ ಬರಲ್ಲ. ಇದೊಂದು ವಿಷಯದಲ್ಲಿ ನನಗೆ ಬರೋ ಸಿಟ್ಟು ಇಲ್ಲಿ ಬರೆಯೋ ಹಾಗಿಲ್ಲ. ಆದರೆ ಎರಡು ಟಿಬಿ ಹಾರ್ಡ್ ಡಿಸ್ಕ್ ತುಂಬ ಹಳೇ ಸಿನಿಮಾ, ಮದುವೆ ವಿಡಿಯೋ, ಫೋಟೋ ಇಟ್ಟವರಿಗೆ, ಬ್ರೌಸರ್ ಬೇಕಾದವರಿಗೆ, ಆ ಸ್ಟಿಕ್ ಯಾವ ಮೂಲೆಗೂ ಸಾಲಲ್ಲ.

ಅಂಥವರಿಗೆ ಕೋಡಿ ಇದೆ, ಪಿಸಿಯಲ್ಲಿರೋ ಸಿನಿಮಾ, ಫೋಟೋ ಎಲ್ಲ ಟಿವಿ ಪರದೆಗೆ ತಕ್ಕ ಹಾಗೆ ತೋರಿಸೋ ಸಾಫ್ಟ್‌ವೇರ್. 2014ರ ತನಕ ಎಕ್ಸ್‌ಬಿಎಂಸಿ ಅಂತಿತ್ತಲ್ಲ, ಅದೇ. ಹಾಕಿಕೊಂಡ ಕೂಡಲೇ ಪ್ಲೇಯರ್ ಸೆಟ್ಟಿಂಗ್ಸ್‌ನ ವಿಡಿಯೋಸ್‌ನಲ್ಲಿ 'ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್' ಅನ್ನೋದನ್ನ 'ಆನ್ ಸ್ಟಾರ್ಟ್/ಸ್ಟಾಪ್'ಗೆ ಇಡಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಪರದೆ 60ರಲ್ಲೇ ನಿಂತಿದ್ದರೆ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ಬಂದು, ಕ್ಯಾಮೆರಾ ನಿಧಾನಕ್ಕೆ ತಿರುಗುವಾಗ ಚಿತ್ರ ಮುಗ್ಗರಿಸುತ್ತೆ. ಇದಕ್ಕೂ ಬೈಗುಳ ತಿನ್ನೋದು ಕಂಪ್ಯೂಟರ್ರೇ.

ಸೌಂಡ್‌ಬಾರ್ ಇರೋರಿಗೆ ಇನ್ನೊಂದು ಗುಂಡಿ ಕಾದಿದೆ. ಪಿಸಿಯಿಂದ ಟಿವಿಗೆ, ಟಿವಿಯಿಂದ ಆರ್ಕ್ (ಎಚ್‌ಡಿಎಂಐ ಕೇಬಲ್‌ನಲ್ಲೇ ಸೌಂಡ್ ಕಳಿಸೋ ದಾರಿ) ಮೂಲಕ ಬಾರ್‌ಗೆ ಹೋಗೋ ದಾರಿಯಲ್ಲಿ ಕಂಪ್ರೆಸ್ ಆಗದ 5.1 (ಆರು ಚಾನೆಲ್ ಸೌಂಡ್) ದಾಟಲ್ಲ, ಎರಡು ಚಾನೆಲ್ ಮಾತ್ರ ದಾಟುತ್ತೆ. ಕಂಪ್ರೆಸ್ ಆದ ಡಾಲ್ಬಿ ಡಿಜಿಟಲ್ ದಾಟುತ್ತೆ. ಅದರ ಹಾಗೇ ಇನ್ನೊಂದು ಸೌಂಡ್ ಮಾದರಿ ಡಿಟಿಎಸ್‌ ಅನ್ನ ಎಷ್ಟೋ ಟಿವಿಗಳು ಬಾಗಿಲಲ್ಲೇ ತಡೀತಾವೆ, ಸಿನಿಮಾ ಮೂಕಿ ಆಗುತ್ತೆ. ಕೋಡಿಯಲ್ಲಿ ಚಾನೆಲ್ 2.0 ಇಟ್ಟು, ಪಾಸ್‌ಥ್ರೂ ಆನ್ ಮಾಡಿ, ಕೆಳಗಿನ 'ಡಾಲ್ಬಿ ಡಿಜಿಟಲ್ ಟ್ರಾನ್ಸ್‌ಕೋಡಿಂಗ್' ಒತ್ತಿ, ಡಿಟಿಎಸ್ ಆಫ್ ಮಾಡಿ. ಆಗ 5.1 ಸೌಂಡ್ ಡಾಲ್ಬಿ ಡಿಜಿಟಲ್ ಆಗಿ ಬದಲಾಗಿ ದಾಟುತ್ತೆ. 2.0 ಅಂದ ಕೂಡಲೇ ಬೆಚ್ಚಿ 5.1 ಮಾಡಿದಿರೋ, ಆ ಆಯ್ಕೆಯೇ ಕಾಣಲ್ಲ.

ವೈರ್‌ಲೆಸ್ ಕೀಬೋರ್ಡ್ ಸೋಫಾದಿಂದ ಅಕ್ಷರ ನುಂಗುತ್ತೆ ಅನ್ನೋ ದೂರು ಇದ್ದೇ ಇರುತ್ತೆ. ಅದರ ರಿಸೀವರ್ ನೀಲಿ ಯುಎಸ್‌ಬಿ 3.0 ಪೋರ್ಟ್‌ನಲ್ಲಿ, ಪಕ್ಕದಲ್ಲೇ ಹಾರ್ಡ್ ಡಿಸ್ಕ್. ಯುಎಸ್‌ಬಿ 3.0 ಹೊರಡಿಸೋ ಗದ್ದಲ 2.4 ಗಿಗಾಹರ್ಟ್ಸ್ ಮೇಲೇ ಬೀಳುತ್ತೆ ಅಂತ ಇಂಟೆಲ್ ಕಂಪನಿಯೇ 2012ರಲ್ಲಿ ಬರೆದಿಟ್ಟಿದೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ರಿಸೀವರ್ ಅನ್ನ ಟಿವಿ ಮುಂದಕ್ಕೆ ತನ್ನಿ.

ಹೊಸದಾಗಿ ಕೊಳ್ಳೋರು ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಯೇ ತಗೊಳ್ಳಿ, ಇಂಟೆಲ್ 8ನೇ ತಲೆಮಾರಿಗಿಂತ ಹಳೇದು ಬೇಡ. ಅದಕ್ಕಿಂತ ಹಳೇ ಇಂಟೆಲ್‌ಗೆ ವಿಂಡೋಸ್ 11 ಅಧಿಕೃತವಾಗಿ ಸಾಮಾನ್ಯವಾಗಿ ಸಿಗಲ್ಲ, 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. 8ನೇದರಲ್ಲೂ ಎವಿ1 (ಯೂಟ್ಯೂಬ್ ಬಳಸೋ ಹೊಸ ವಿಡಿಯೋ ಕಂಪ್ರೆಷನ್) ಬಿಡಿಸೋ ಹಾರ್ಡ್‌ವೇರ್ ಇಲ್ಲ. ಯೂಟ್ಯೂಬ್ ತಡವರಿಸಿದರೆ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ನೋಡಿ, ಎವಿ01 ಅಂತಿದ್ದರೆ ಎವಿ1 ತಡೆಯೋ ಎಕ್ಸ್‌ಟೆನ್ಶನ್ ಹಾಕಿ. ಕರೆಂಟ್ ಹೋಗಿ ಬಂದಾಗ ತಾನೇ ಆನ್ ಆಗಲಿ ಅಂದರೆ ಬಯೋಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯೋ ಸೆಟ್ಟಿಂಗ್ಸ್) 'ಎಸಿ ರಿಕವರಿ' ಇದೆ. ಬಾಗಿಲು ಮುಚ್ಚೋ ಟಿವಿ ಯೂನಿಟ್ ಒಳಗೆ ಮಾತ್ರ ಇಡಬೇಡಿ, ಕಾದು ಫ್ಯಾನ್ ಕಿರುಚುತ್ತೆ.

ಅಡಾಪ್ಟರ್ ಒರಿಜಿನಲ್ಲಾ ಅಂತ ಅಂಗಡಿಯಲ್ಲೇ ಕೇಳಿ. ಡೆಲ್ ಪಿಸಿಗಳು ಅಡಾಪ್ಟರ್ ಗುರುತು ಸಿಗದಿದ್ದರೆ ಪ್ರೊಸೆಸರ್ ವೇಗವನ್ನ ತಾವೇ ತಗ್ಗಿಸಿಕೊಳ್ಳುತ್ತವೆ. ಆಗಲೂ ನೀವು ಬೈಯೋದು ಯಾರಿಗೆ ಅಂತ ನನಗೆ ಗೊತ್ತು.